ಟಿಕೀಟು ಇಟ್ಟು ಹಾಡಿದ ಪಂಡಿತರು

ಜತ್ತ ಸೀಮೆಯ ನಮಗೆ ಮೀರಜವೇನೂ ದೂರದ ಊರಲ್ಲ. ಅಲ್ಲಿಯ ಸಂಗೀತದ ಮಾತು ಬಂದಾಗಲೆಲ್ಲ ನನಗೆ ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ನೆನಪಾಗುತ್ತದೆ.

1872ರಲ್ಲಿ ಕುರುಂದವಾಡದ ಕೀರ್ತನಕಾರರ ಮನೆಯಲ್ಲಿ ಜನಿಸಿದ ಇವರ ದೃಷ್ಟಿಯು ಬಾಲ್ಯದಲ್ಲಿಯೇ ಪಟಾಕಿ ಸಿಡಿದು ಮಂದವಾಯಿತು. ಓದು ನಿಂತಿತು; ಮೀರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರಲ್ಲಿ ಗಾಯನ ಶಿಕ್ಷಣ ದೊರೆಯಿತು. ಸಂಸ್ಥಾನದ ಆಶ್ರಯವಿತ್ತು, ಸುಖವಾಗಿ ಇರಬಹುದಿತ್ತು. ಆದರೆ 1896ರಲ್ಲಿ ಅದನ್ನು ತೊರೆದು ದೇಶಸಂಚಾರಕ್ಕೆ ಹೊರಟರು. ಅರಸರ ದರ್ಬಾರಿಗಿಂತ ಟಿಕೀಟು ಕೊಂಡು ಬಂದ ಜನಸಾಮಾನ್ಯರ ಸಭೆಯೇ ಅವರಿಗೆ ಹಿರಿದೆನಿಸಿತು. ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ.

1901ರ ಮೇ 5ರಂದು ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. 1908ರಲ್ಲಿ ಮುಂಬಯಿಯಲ್ಲಿಯೂ ಆರಂಭಿಸಿದರು. ರಾಜಾಶ್ರಯವಿಲ್ಲದೆ, ಕಚೇರಿಗಳ ಉತ್ಪನ್ನದಿಂದಲೂ ಸಾರ್ವಜನಿಕರ ದೇಣಿಗೆಯಿಂದಲೂ ನಡೆದ ಸಂಸ್ಥೆಯದು. ಮುಂಬಯಿಯ ಸ್ವಂತ ಕಟ್ಟಡಕ್ಕೆ ಸಾಲವೆತ್ತಿದರು. ಅದನ್ನು ತೀರಿಸಲು ಊರೂರು ತಿರುಗಿ ಹಾಡಿದರು. ಶಾಲೆಯ ಕೋಣೆಗಳಿಗಾಗಿ ಚಂದಾ ಪುಸ್ತಕ ಹಿಡಿದು ಮನೆಮನೆ ಅಲೆದ ನನಗೆ ಆ ತಿರುಗಾಟದ ಬೇನೆ ಕಿಂಚಿತ್ತಾದರೂ ತಿಳಿದಿದೆ. ಅವರ ಸಾಲ ತೀರಲಿಲ್ಲ. 1924ರ ಸುಮಾರಿಗೆ ಕಟ್ಟಡವು ಲಿಲಾವಾಯಿತು. ಲೆಕ್ಕಪತ್ರದ ಕಡೆಗೆ ಪಂಡಿತರು ಇನ್ನಷ್ಟು ಲಕ್ಷ್ಯವಿಡಬೇಕಾಗಿತ್ತೆಂದು ನನ್ನ ಹೆಡ್‌ಮಾಸ್ತರಿಕೆಯ ಬುದ್ಧಿ ಇಂದಿಗೂ ಗೊಣಗುತ್ತದೆ.

ಬಳಿಕ ನಾಸಿಕದಲ್ಲಿ ರಾಮನಾಮದಲ್ಲಿ ಮುಳುಗಿದರು. ಓಂಕಾರನಾಥ ಠಾಕೂರ, ವಿನಾಯಕರಾವ ಪಟವರ್ಧನ, ನಾರಾಯಣರಾವ ವ್ಯಾಸರಂಥ ಶಿಷ್ಯರು ಅದಾಗಲೇ ಸಿದ್ಧರಾಗಿದ್ದರು. 1931ರ ಆಗಸ್ಟ್ 21ರಂದು ಪಂಡಿತರು ಮೀರಜದಲ್ಲಿಯೇ ತೀರಿಕೊಂಡರು. ಮಗ ದತ್ತಾತ್ರೇಯನಿಗೆ ಆಗ ಹತ್ತು ವರುಷ. ತಂದೆಯ ಶಿಷ್ಯರೇ ಆ ಬಾಲಕನಿಗೆ ಮುಂದೆ ಹಾಡು ಕಲಿಸಿದರು.