ಟಾಟಾ ಇನ್‌ಸ್ಟಿಟ್ಯೂಟಿನ ಪ್ರೀತಿ ಶಂಕರ್

ರಾಜಾಜಿನಗರದಿಂದ ಟಾಟಾ ಇನ್‌ಸ್ಟಿಟ್ಯೂಟಿಗೆ ಬಹಳ ದೂರವೇನಿಲ್ಲ. ಮಲ್ಲೇಶ್ವರಂ ದಾಟಿದರೆ ಅದರ ಕಾಂಪೌಂಡು ಕಾಣುತ್ತದೆ. ಆದರೂ ನಮ್ಮ ಶಾಲೆಯಲ್ಲಿ ಓದುವಾಗ ಆ ಗೇಟಿನೊಳಗೆ ಯಾರಿರುತ್ತಾರೆ, ಏನು ಮಾಡುತ್ತಾರೆ ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅದು ನಮಗೊಂದು ಬಸ್ ಸ್ಟಾಪಿನ ಹೆಸರು, ಅಷ್ಟೇ. ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೂ ಹಿರಿಯರ ಜೀವನ ಬರೆದುಕೊಡು ಎಂದು ಮೇಷ್ಟ್ರು ಫೋನ್ ಮಾಡಿದಾಗ, ನಾವು ಇಲ್ಲಿ ಬೆಂಚಿನ ಮೇಲೆ ಕೂತಿದ್ದ ವರ್ಷಗಳಲ್ಲೇ ಅಲ್ಲಿ ಪಾಠ ಮಾಡುತ್ತಿದ್ದ ಒಬ್ಬರನ್ನು ಆರಿಸಿಕೊಂಡೆ.

ಪ್ರೊ. ಪ್ರೀತಿ ಶಂಕರ್ ಹುಟ್ಟಿದ್ದು 1947ರಲ್ಲಿ. 1968ರಲ್ಲಿ ದೆಹಲಿಯ ಐಐಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಬಿ.ಟೆಕ್. ಮಾಡಿದರು. ಆ ವಿಭಾಗದಿಂದ ಪದವಿ ಪಡೆದ ಮೊದಲ ಹೆಣ್ಣುಮಗಳು ಅವರು. ಆ ಕಾಲದಲ್ಲಿ ಎಂಜಿನಿಯರಿಂಗ್ ಎಂದರೆ ಗಂಡುಮಕ್ಕಳ ಓದು. ನಮ್ಮ ಬ್ಯಾಚಿನಲ್ಲಿ ಗಣಿತದಲ್ಲಿ ನನಗಿಂತ ಎಷ್ಟೋ ಮುಂದಿದ್ದ ಹುಡುಗಿಯೊಬ್ಬಳ ಓದು ಹತ್ತನೇ ತರಗತಿಗೇ ನಿಂತುಹೋಯಿತು. ಅದು ಇಪ್ಪತ್ತೊಂದನೇ ಶತಮಾನದ ಬೆಂಗಳೂರಿನ ಮಾತು. 1968 ಹೇಗಿದ್ದಿರಬೇಕು ಎಂಬುದನ್ನು ಇದರಿಂದಲೇ ಊಹಿಸಿಕೊಳ್ಳಬೇಕು.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಪಿಎಚ್.ಡಿ. ಮುಗಿಸಿದ ಮೇಲೆ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿನ ಕಂಪ್ಯೂಟರ್ ವಿಭಾಗದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಪಾಠ, ಸಂಶೋಧನೆ ಮಾಡಿದರು. ಅವರಿಗೆ ಇಷ್ಟವಾದ ವಿಷಯಗಳಲ್ಲಿ ಕಂಪೈಲರ್ ಒಂದು. ನಾನು ಅನ್ನ ತಿನ್ನುತ್ತಿರುವುದೂ ಅದರಿಂದಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಾವು ಬರೆಯುವ ಪ್ರೋಗ್ರಾಂ ಪ್ರೊಸೆಸರಿಗೆ ನೇರವಾಗಿ ಅರ್ಥವಾಗುವುದಿಲ್ಲ. ಅದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಮೊದಲು ಅದು ಪ್ರೋಗ್ರಾಂ ಓದಿ ಪದ ಬಿಡಿಸುತ್ತದೆ, ನಮ್ಮ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಸಂಧಿ ಬಿಡಿಸುತ್ತಿದ್ದ ಹಾಗೆ. ಆಮೇಲೆ ಆಪ್ಟಿಮೈಜರ್ ಬೇಡದ ಕೆಲಸ ತೆಗೆದು ಹಾಕುತ್ತದೆ. ಕೊನೆಗೆ ಬ್ಯಾಕ್ ಎಂಡ್ ಎಂಬ ಭಾಗ ಯಂತ್ರದ ಆದೇಶಗಳನ್ನು ಬರೆಯುತ್ತದೆ. ಕಷ್ಟ ಇರುವುದು ಕೊನೆಯ ಎರಡರ ನಡುವಿನ ಹೊಸ್ತಿಲಲ್ಲಿ. ಆಪ್ಟಿಮೈಜರ್ ತನಗೆ ಗೊತ್ತಿದ್ದುದನ್ನು ಪೂರ್ತಿ ದಾಟಿಸದಿದ್ದರೆ ಬ್ಯಾಕ್ ಎಂಡ್ ಅದನ್ನೇ ಮತ್ತೆ ಹುಡುಕಬೇಕು. ಯಂತ್ರದ ವಿವರವೆಲ್ಲ ಆಪ್ಟಿಮೈಜರಿನೊಳಗೆ ನುಗ್ಗಿದರೆ, ಹೊಸ ಪ್ರೊಸೆಸರ್ ಬಂದಾಗಲೆಲ್ಲ ಇಡೀ ಮನೆ ಒಡೆದು ಕಟ್ಟಬೇಕು.

ಇದಕ್ಕೆ ಒಂದು ದಾರಿ ಹೀಗಿದೆ. ಆಪ್ಟಿಮೈಜರ್ ಲೆಕ್ಕವನ್ನು ಮರದ ರೂಪದಲ್ಲಿ ಕೊಡುತ್ತದೆ: ಮೇಲೆ ಕೂಡಿಸು ಎಂಬ ಗಂಟು, ಕೆಳಗೆ ಎರಡು ಕೊಂಬೆ, ಒಂದರಲ್ಲಿ ರಿಜಿಸ್ಟರಿನಲ್ಲಿರುವ ಸಂಖ್ಯೆ, ಇನ್ನೊಂದರಲ್ಲಿ ಮೆಮೊರಿಯಲ್ಲಿರುವ ಸಂಖ್ಯೆ. ಪ್ರೊಸೆಸರಿನ ಒಂದೊಂದು ಆದೇಶವೂ ಮರದ ಒಂದು ತುಂಡನ್ನು ಮುಚ್ಚುತ್ತದೆ, ಅದಕ್ಕೊಂದು ಬೆಲೆ ಇರುತ್ತದೆ. ಮೆಮೊರಿಯಿಂದ ತಂದು ಆಮೇಲೆ ಕೂಡಿಸಿದರೆ ಎರಡು ಆದೇಶ. ಮೆಮೊರಿಯಿಂದಲೇ ಕೂಡಿಸಿಕೊಳ್ಳುವ ಆದೇಶ ಆ ಪ್ರೊಸೆಸರಿನಲ್ಲಿದ್ದರೆ ಒಂದೇ ಸಾಕು. ಇಡೀ ಮರವನ್ನು ಕಡಿಮೆ ಬೆಲೆಯಲ್ಲಿ ಮುಚ್ಚಬೇಕು. ಈ ನಿಯಮಗಳನ್ನು ವ್ಯಾಕರಣದ ಹಾಗೆ ಒಂದು ಪಟ್ಟಿಯಲ್ಲಿ ಬರೆದಿಟ್ಟರೆ ಬ್ಯಾಕ್ ಎಂಡಿನ ಈ ಭಾಗವನ್ನು ಯಂತ್ರವೇ ತಯಾರಿಸಿಕೊಡುತ್ತದೆ. ಹೊಸ ಪ್ರೊಸೆಸರ್ ಬಂದರೆ ಪಟ್ಟಿ ಬದಲಿಸಿದರಾಯಿತು.

1978ರಲ್ಲಿ ಗ್ಲ್ಯಾನ್ವಿಲ್ ಮತ್ತು ಗ್ರಹಾಂ ಎಂಬುವರು ಭಾಷೆ ಓದುವ ವಿಧಾನವನ್ನೇ ಈ ಕೊನೆಯ ಹಂತಕ್ಕೂ ಬಳಸಿದ್ದರು. ಆದರೆ ಅದು ಎರಡು ದಾರಿ ಎದುರಾದಾಗ ಅಲ್ಲೇ ಒಂದನ್ನು ಹಿಡಿದುಬಿಡುತ್ತಿತ್ತು. ಅದೇ ಅಗ್ಗದ ದಾರಿ ಎಂಬ ಖಾತ್ರಿ ಇರಲಿಲ್ಲ. ಪ್ರೀತಿ ಶಂಕರ್ ಮತ್ತು ಅವರ ಸಂಗಡಿಗರು ಎಲ್ಲ ದಾರಿಗಳನ್ನೂ ಬೆಲೆಯ ಸಮೇತ ಒಟ್ಟಿಗೇ ಹಿಡಿದುಕೊಂಡು ಹೋಗುವಂತೆ ಅದನ್ನು ತಿದ್ದಿದರು. ಈ ಲೇಖನ 2000ದಲ್ಲಿ ಪ್ರಕಟವಾಯಿತು. 2002ರಲ್ಲಿ ಸಹೋದ್ಯೋಗಿ ಪ್ರೊ. ವೈ. ಎನ್. ಶ್ರೀಕಾಂತ್ ಅವರ ಜೊತೆ ಸಂಪಾದಿಸಿದ ದಪ್ಪನೆಯ ಕೈಪಿಡಿ, ದಿ ಕಂಪೈಲರ್ ಡಿಸೈನ್ ಹ್ಯಾಂಡ್‌ಬುಕ್, ಹೊರಬಂತು. ಅದರಲ್ಲಿ ಮರ ಮುಚ್ಚುವ ಈ ವಿದ್ಯೆಯ ಅಧ್ಯಾಯವನ್ನು ಅವರೇ ಬರೆದಿದ್ದಾರೆ.

ಆ ಅಧ್ಯಾಯ ನನಗೆ ಬುದ್ಧಿ ಕಲಿಸಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಚಿಪ್ಪಿಗಾಗಿ ಮಾತ್ರ ಬೇಕಿದ್ದ ಸಣ್ಣ ತಿದ್ದುಪಡಿಯನ್ನು ಅವಸರಕ್ಕೆ ಆಪ್ಟಿಮೈಜರಿನೊಳಗೆ ತುರುಕಿದ್ದೆ. ಪ್ರೋಗ್ರಾಂ ವೇಗವಾಗಿ ಓಡಿತು, ಶಹಬ್ಬಾಸ್ ಅನ್ನಿಸಿಕೊಂಡೆ. ಮುಂದಿನ ವರ್ಷ ಬೇರೆ ಚಿಪ್ಪು ಬಂದಾಗ ಉತ್ತರಗಳೇ ತಪ್ಪಾಗತೊಡಗಿದವು. ಎರಡು ವಾರ ರಾತ್ರಿ ಹಗಲು ಹುಡುಕಿದ ಮೇಲೆ ಸಿಕ್ಕಿದ್ದು ನನ್ನದೇ ಆ ನಾಲ್ಕು ಸಾಲು. ಅವುಗಳ ಜಾಗ ಹೊಸ್ತಿಲಿನ ಆಚೆ, ಪಟ್ಟಿಯಲ್ಲಿ ಇತ್ತು.

ಅವರ ಇನ್ನೊಂದು ಆಸಕ್ತಿ, ತಪ್ಪು ತಿದ್ದುವ ಸಂಕೇತಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ಪ್ರಕಟಿಸುತ್ತಿರುವ ರೆಸೊನೆನ್ಸ್ ಪತ್ರಿಕೆಯಲ್ಲಿ ಇದರ ಬಗ್ಗೆ ವಿದ್ಯಾರ್ಥಿಗಳಿಗಾಗಿ ಸರಣಿ ಲೇಖನ ಬರೆದರು. ಗೀರು ಬಿದ್ದ ಸಿ.ಡಿ.ಯಲ್ಲೂ ಹಾಡು ಸರಿಯಾಗಿ ಕೇಳುವುದು ಈ ಸಂಕೇತಗಳ ದೆಸೆಯಿಂದ. ಹೆಸರು ಮಾಡಿದ ಪ್ರೊಫೆಸರರು ಕುಳಿತು ವಿದ್ಯಾರ್ಥಿಗಳಿಗಾಗಿ ಹೀಗೆ ಬರೆಯುವುದನ್ನು ನಾನು ಸಂಶೋಧನಾ ಲೇಖನಕ್ಕಿಂತ ಕಡಿಮೆ ಎಂದು ಎಣಿಸುವುದಿಲ್ಲ.

2011ರ ಅಕ್ಟೋಬರ್ 17ರಂದು ಅವರು ತೀರಿಕೊಂಡರು. ಆಗ ನಾನು ಬಿ.ಇ. ಓದುತ್ತಿದ್ದೆ. ಕಾಲೇಜಿನ ಲೈಬ್ರರಿಯಲ್ಲಿ ಆ ಕೈಪಿಡಿ ಇತ್ತು. ಇಂಗ್ಲಿಷ್ ಪುಸ್ತಕ, ಬರೆದವರು ಎಲ್ಲೋ ಸಮುದ್ರದಾಚೆ ಇರುತ್ತಾರೆ ಅಂದುಕೊಂಡು ಹೆಸರಿನ ಕೆಳಗಿದ್ದ ವಿಳಾಸವನ್ನೂ ನೋಡಿರಲಿಲ್ಲ. ನೋಡುವ ಹೊತ್ತಿಗೆ ಕಾಲ ಮಿಂಚಿತ್ತು.

ರೆಸೊನೆನ್ಸ್‌ನ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವರ ಆ ಲೇಖನಗಳನ್ನು ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ ನಮ್ಮ ಶಾಲೆಯ ಲೈಬ್ರರಿಗೆ ಕೊಟ್ಟಿದ್ದೇನೆ. ಇಂಗ್ಲಿಷ್ ಕಷ್ಟ ಎನಿಸಿದ ಕಡೆ ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದಿದ್ದೇನೆ.