ತಗಡಿಗೆ ಬೆಲೆ ತಂದ ಪಿನಿನ್

ಕಾರು ಅಂದ ಕೂಡಲೇ ನಾವು ಇಂಜಿನಿಯರಿಂಗ್ ಓದೋರು ಕೇಳೋದು ಒಂದೇ ಧಾಟಿ: ಎಷ್ಟು ಸಿಸಿ, ಎಷ್ಟು ಟಾರ್ಕ್, ಎಷ್ಟು ಮೈಲೇಜ್? ಆದರೆ ಹಳೇ ಕಾರುಗಳ ಹರಾಜಿನ ಪಟ್ಟಿ ತೆರೆದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತೆ. ಇಟಲಿಯ ಲಾನ್ಸಿಯಾ ಕಂಪನಿ 1950ರ ದಶಕದಲ್ಲಿ ತಂದ ಔರೇಲಿಯಾ ಬಿ24 ಅನ್ನೋ ಟಾಪು ತೆಗೆಯುವ ಕಾರನ್ನೇ ನೋಡಿ. ಇದರಲ್ಲಿ ಎರಡು ಬಗೆ. ಮೊದಲು ಬಂದ ಸ್ಪೈಡರ್‌ಗೆ ಬಾಗಿಲಿನ ಹೊರಗಡೆ ಹಿಡಿಕೆಯೇ ಇಲ್ಲ, ಏರಿಸಿ ಇಳಿಸುವ ಕಿಟಕಿ ಗಾಜೂ ಇಲ್ಲ. ಆಮೇಲೆ ಬಂದ ಕನ್ವರ್ಟಿಬಲ್‌ಗೆ ಎರಡೂ ಉಂಟು. ಎಂಜಿನ್ ಮಾತ್ರ ಎರಡಕ್ಕೂ 2451 ಸಿಸಿಯ ವಿ6. ಅನುಕೂಲ ಹೆಚ್ಚಿದ್ದಕ್ಕೆ ಬೆಲೆ ಹೆಚ್ಚಿರಬೇಕು ತಾನೆ? ಉಲ್ಟಾ! ಸ್ಪೈಡರ್ ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿದ್ದುಂಟು. ಕನ್ವರ್ಟಿಬಲ್ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತೆ.

ಸ್ಪೈಡರ್‌ಗಳು ತಯಾರಾದದ್ದು 240, ಕನ್ವರ್ಟಿಬಲ್‌ಗಳು 521 ಅನ್ನೋದು ಅರ್ಧ ಉತ್ತರ. ಉಳಿದರ್ಧ ಇರೋದು ಆ ಮೈಮಾಟದಲ್ಲಿ. ಅದನ್ನು ಕೊಟ್ಟ ಮನುಷ್ಯ ಬಟಿಸ್ಟಾ ಪಿನಿನ್‌ಫರೀನಾ. ಈ ಸಲ ನಮ್ಮ ಸಂಚಿಕೆಯಲ್ಲಿ ಅವರ ಕಥೆ.

ಬಟಿಸ್ಟಾ ಫರೀನಾ ಹುಟ್ಟಿದ್ದು 1893ರ ನವೆಂಬರ್ 2ರಂದು, ಇಟಲಿಯ ಪೀಡ್‌ಮಾಂಟ್ ಸೀಮೆಯಲ್ಲಿ. ಹನ್ನೊಂದು ಮಕ್ಕಳ ತುಂಬು ಮನೆ, ಇವರು ಹತ್ತನೆಯವರು. ಪಿನಿನ್ ಅಂದರೆ ಅಲ್ಲಿನ ಆಡುಮಾತಿನಲ್ಲಿ ಚಿಕ್ಕವ ಅಂತ. ನಮ್ಮ ಕಡೆ ಪುಟ್ಟ ಅಂತ ಕರೆದದ್ದು ತಲೆ ನರೆತರೂ ಬಿಡೋದಿಲ್ಲವಲ್ಲ, ಹಾಗೇ ಈ ಹೆಸರೂ ಅಂಟಿಕೊಂಡಿತು. ಅಣ್ಣ ಜೊವಾನಿಗೆ ಟ್ಯೂರಿನ್‌ನಲ್ಲಿ ಬಾಡಿ ಕಟ್ಟುವ ಕಾರ್ಖಾನೆ ಇತ್ತು. ನಮ್ಮಲ್ಲಿ ಲಾರಿಗೆ ಚಾಸಿ ಒಂದು ಕಡೆ, ಬಾಡಿ ಇನ್ನೊಂದು ಕಡೆ ಆಗುತ್ತಲ್ಲ, ಆ ಕಾಲದ ಕಾರಿಗೂ ಅದೇ ಪದ್ಧತಿ. ಹನ್ನೊಂದು ಹನ್ನೆರಡರ ವಯಸ್ಸಿಗೇ ಪಿನಿನ್ ಅಲ್ಲಿ ಕೆಲಸಕ್ಕೆ ನಿಂತ. ಡಿಗ್ರಿ ಇಲ್ಲ, ಡ್ರಾಫ್ಟರ್ ಇಲ್ಲ. ಕಲಿತದ್ದೆಲ್ಲ ಸುತ್ತಿಗೆ ಹಿಡಿದೇ. ಹದಿಹರೆಯ ಮುಗಿಯುವಷ್ಟರಲ್ಲಿ ಫಿಯಟ್ ಜೀರೋ ಕಾರಿಗೆ ಈ ಹುಡುಗ ಬರೆದ ರೇಡಿಯೇಟರ್ ವಿನ್ಯಾಸವನ್ನು ಫಿಯಟ್ ಒಪ್ಪಿಕೊಂಡಿತು.

1920ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಸಾಕ್ಷಾತ್ ಹೆನ್ರಿ ಫೋರ್ಡ್ ಅವರ ಭೇಟಿಯಾಗಿ, ಕೆಲಸದ ಆಹ್ವಾನವೂ ಬಂತು. ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಕಾದು ಕೂತ ನಮಗೆ ಇದನ್ನು ಬೇಡ ಅನ್ನೋದು ಊಹೆಗೂ ನಿಲುಕದ್ದು. ಪಿನಿನ್ ಬೇಡ ಅಂದು ಊರಿಗೆ ಮರಳಿದರು. ಆದರೆ ಬರಿಗೈಯಲ್ಲಿ ಬರಲಿಲ್ಲ: ಒಂದೊಂದೇ ಕಾರನ್ನು ಶ್ರೀಮಂತರ ಮರ್ಜಿಗೆ ತಕ್ಕಂತೆ ತಟ್ಟಿ ಕೊಡೋದರ ಬದಲು, ಚೆಂದ ಕೆಡಿಸದೆ ಸಾಲು ಸಾಲಾಗಿ ಕಟ್ಟಲು ಸಾಧ್ಯವೇ ಅನ್ನೋ ಪ್ರಶ್ನೆ ಹೊತ್ತು ತಂದರು. ಮುಂದಿನ ಬದುಕೆಲ್ಲ ಅದಕ್ಕೆ ಉತ್ತರ ಹುಡುಕಿದ್ದು ಅಂತ ನಮಗನಿಸುತ್ತೆ. ಮರುವರ್ಷ ಆವೋಸ್ಟಾದಿಂದ ಗ್ರಾನ್ ಸಾನ್ ಬರ್ನಾರ್ಡೊವರೆಗಿನ ಬೆಟ್ಟದ ರೇಸನ್ನೂ ತಾವೇ ಓಡಿಸಿ ಗೆದ್ದರು. 1930ರಲ್ಲಿ ಅಣ್ಣನ ನೆರಳಿನಿಂದ ಹೊರಬಂದು, ಗೆಳೆಯ ವಿನ್ಚೆಂಜೊ ಲಾನ್ಸಿಯಾ ಅವರ ಬೆಂಬಲದಿಂದ ಟ್ಯೂರಿನ್‌ನಲ್ಲೇ ಸ್ವಂತ ಕಂಪನಿ ತೆರೆದರು.

ಹತ್ತು ವರ್ಷ ಕಳೆಯೋ ಹೊತ್ತಿಗೆ ಇಟಲಿ ಯುದ್ಧಕ್ಕಿಳಿಯಿತು, ಆಮೇಲೆ ಸೋತಿತು. 1946ರಲ್ಲಿ ಪ್ಯಾರಿಸ್ ಮೋಟಾರ್ ಪ್ರದರ್ಶನ ಮತ್ತೆ ಶುರುವಾದಾಗ, ಸೋತ ಶತ್ರುದೇಶದವರಿಗೆ ಒಳಗೆ ಜಾಗ ಇಲ್ಲ ಅಂತಾಯಿತು. ಪಿನಿನ್ ಸುಮ್ಮನೆ ಕೂರಲಿಲ್ಲ. ಒಂದು ಆಲ್ಫಾ ರೋಮಿಯೋ, ಒಂದು ಲಾನ್ಸಿಯಾ ಕಾರನ್ನು ತಾವೂ ಮಗ ಸೆರ್ಜಿಯೊನೂ ಓಡಿಸಿಕೊಂಡು ಪ್ಯಾರಿಸ್‌ಗೆ ಹೋದರು. ಪ್ರದರ್ಶನ ನಡೀತಿದ್ದ ಗ್ರಾಂ ಪಾಲೇ ಕಟ್ಟಡದ ಹೊರಗೇ ತಂದು ನಿಲ್ಲಿಸಿಬಿಟ್ಟರು. ಸ್ಟಾಲ್ ಇಲ್ಲ, ಬಾಡಿಗೆ ಇಲ್ಲ. ಹೋಗಿ ಬರೋ ಜನರ ಕಣ್ಣೆಲ್ಲ ಅದರ ಮೇಲೇ. ಕೆಲಸ ಚೆನ್ನಾಗಿದ್ದರೆ ಬೀದಿಯೂ ಪ್ರದರ್ಶನವೇ!

ಮರುವರ್ಷ ಬಂದದ್ದು ಚಿಸಿಟಾಲಿಯಾ 202. ಎಂಜಿನ್ ನೋಡಿದರೆ ಬಡಪಾಯಿ: ಫಿಯಟ್‌ನ 1089 ಸಿಸಿ. ನಮ್ಮ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಕೂಡ ಇದೇ ವಂಶದ್ದು, ಸಿಸಿಯೂ ಅಷ್ಟೇ. ಆದರೆ ಬಾನೆಟ್, ಮಡ್‌ಗಾರ್ಡ್, ದೀಪ ಅಂತ ಬಿಡಿಬಿಡಿಯಾಗಿ ಜೋಡಿಸಿದ ಹಾಗೆ ಕಾಣುತ್ತಿದ್ದ ಕಾರನ್ನು ಪಿನಿನ್ ಒಂದೇ ಚರ್ಮ ಹೊದ್ದ ಪ್ರಾಣಿಯಂತೆ ಮಾಡಿದರು. ಬಾನೆಟ್ಟು ಮಡ್‌ಗಾರ್ಡಿಗಿಂತ ಕೆಳಗಿಳಿಯಿತು. ಮರದ ಅಚ್ಚಿನ ಮೇಲೆ ಅಲ್ಯೂಮಿನಿಯಂ ತಗಡಿಟ್ಟು ಕೈಯಲ್ಲಿ ತಟ್ಟಿ ತೆಗೆದ ಆಕಾರ ಅದು. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಎಂಟು ಕಾರುಗಳನ್ನು ಆರಿಸಿ ಕಲೆಯೆಂದು ಪ್ರದರ್ಶಿಸಿದಾಗ ಇದೂ ಅದರಲ್ಲಿತ್ತು.

ಅದೇ ವರ್ಷ ಇನ್ನೊಂದು ತಮಾಷೆ. ಎಂಜೊ ಫೆರಾರಿ ಮತ್ತು ಪಿನಿನ್ ಸೇರಿ ಕೆಲಸ ಮಾಡಬೇಕು, ಆದರೆ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗಲು ತಯಾರಿಲ್ಲ. ಕೊನೆಗೆ ಮೊಡೆನಾಕ್ಕೂ ಟ್ಯೂರಿನ್‌ಗೂ ನಡುವೆ ಇರುವ ಟೊರ್ಟೋನಾ ಊರಿನಲ್ಲಿ ಊಟಕ್ಕೆ ಸೇರಿ ಮಾತು ಮುಗಿಸಿದರು. ಅಲ್ಲಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಹುಪಾಲು ಫೆರಾರಿಗಳ ರೂಪ ಇದೇ ಮನೆಯದ್ದು. ಈ ಜೋಡಿಯ ಮೊದಲ ಕಾರು, 1952ರ 212 ಇಂಟರ್, ಅದೂ ಟಾಪು ತೆರೆಯೋ ಕಾರೇ.

ಆದರೆ ಪಿನಿನ್ ಅವರ ಹಳೇ ಪ್ರಶ್ನೆಗೆ ಉತ್ತರ ಕೊಟ್ಟದ್ದು ಫೆರಾರಿ ಅಲ್ಲ, ಆಲ್ಫಾ ರೋಮಿಯೋ. ನ್ಯೂಯಾರ್ಕಿನ ಕಾರು ಆಮದುದಾರ ಮ್ಯಾಕ್ಸ್ ಹಾಫ್‌ಮನ್, ಜೂಲಿಯೆಟ್ಟಾ ಕಾರಿನ ತೆರೆದ ಮಾದರಿ ಮಾಡಿಕೊಟ್ಟರೆ ಅಮೆರಿಕದಲ್ಲಿ ಮಾರುತ್ತೇನೆಂದು ಬೆನ್ನು ಬಿದ್ದರು. ಬೆರ್ಟೋನೆ ಮತ್ತು ಪಿನಿನ್ ಇಬ್ಬರೂ ಮಾದರಿ ಮಾಡಿದರು. ಪಿನಿನ್ ಅವರದ್ದು ಆಯ್ಕೆಯಾಯಿತು. 1955ರಲ್ಲಿ ಬಂದ ಈ 1290 ಸಿಸಿಯ ಪುಟ್ಟ ಸ್ಪೈಡರ್ 1962ರ ಹೊತ್ತಿಗೆ ಸುಮಾರು 17,000 ತಯಾರಾಯಿತು. ಚಿಸಿಟಾಲಿಯಾ ಆಗಿದ್ದು ಸುಮಾರು 170. ಅಂದರೆ ನೂರು ಪಟ್ಟು! ಸುತ್ತಿಗೆಯ ಕೆಲಸ ಪ್ರೆಸ್ಸಿಗೆ ಹೋದಾಗ ಗೆರೆ ಕೆಟ್ಟರೆ ಇಡೀ ಜೀವನದ ಹೆಸರೇ ಹೋಗುತ್ತಿತ್ತು. ಕೆಡಲಿಲ್ಲ. 1958ರಲ್ಲಿ ಗ್ರುಲಿಯಾಸ್ಕೊದಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು.

1961ರಲ್ಲಿ ಇಟಲಿಯ ಅಧ್ಯಕ್ಷರ ಆದೇಶದ ಮೇರೆಗೆ ಅಡ್ಡಹೆಸರೂ ಮನೆತನದ ಹೆಸರೂ ಕೂಡಿ ಪಿನಿನ್‌ಫರೀನಾ ಅಂತ ಅಧಿಕೃತವಾಯಿತು. ಪುಟ್ಟ ಅನ್ನೋ ಹೆಸರು ಸರ್ಕಾರಿ ದಾಖಲೆ ಸೇರಿದ ಹಾಗೆ! ಆ ವರ್ಷವೇ ಕಂಪನಿಯನ್ನು ಮಗ ಸೆರ್ಜಿಯೊ ಮತ್ತು ಅಳಿಯ ರೆಂಜೊ ಕಾರ್ಲಿ ಕೈಗೆ ಒಪ್ಪಿಸಿದರು. 1966ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಡುಯೆಟ್ಟೊ ಅಂತ ಹೆಸರಾದ ಆಲ್ಫಾ ಸ್ಪೈಡರ್ ಹೊರಬಂತು. ಅವರ ಕೈ ತಾಗಿದ ಕೊನೆಯ ಕಾರು ಅದು. ತಿಂಗಳು ತುಂಬುವ ಮೊದಲೇ, ಏಪ್ರಿಲ್ 3ರಂದು, ಲೊಸಾನ್‌ನಲ್ಲಿ ತೀರಿಕೊಂಡರು. ಆ ಸ್ಪೈಡರ್ ಮಾತ್ರ ರೂಪ ಬದಲಿಸಿಕೊಳ್ಳುತ್ತಾ 1993ರವರೆಗೂ ತಯಾರಾಗುತ್ತಲೇ ಇತ್ತು.

ಈಗ ಬೆಲೆಯ ಮಾತಿಗೆ ಬರೋಣ. ಇಂಥ ಕಾರು ಕೊಳ್ಳೋರು ಮೊದಲು ನೋಡೋದು ಹೊಳಪನ್ನಲ್ಲ. ಚಾಸಿ ನಂಬರಿಗೂ ಎಂಜಿನ್ ನಂಬರಿಗೂ ಕಾರ್ಖಾನೆಯ ದಾಖಲೆಯಲ್ಲಿ ತಾಳೆ ಆಗುತ್ತಾ? ಮೂಲ ಬಣ್ಣ ಯಾವುದು? ಡುಯೆಟ್ಟೊ ಆದರೆ, ದುಂಡು ಬಾಲದ್ದಾ ಅಥವಾ 1970ರ ನಂತರದ ಕತ್ತರಿಸಿದ ಬಾಲದ್ದಾ? ದುಂಡು ಬಾಲಕ್ಕೆ ಬೇಡಿಕೆ ಜಾಸ್ತಿ.

ಆಮೇಲೆ ತುಕ್ಕು. ಇಲ್ಲಿ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕೆಲಸಕ್ಕೆ ಬರುತ್ತೆ. ಒಂದು ಶೂ ಡಬ್ಬಿ ತಗೊಂಡು ತಿರುಚಿ ನೋಡಿ. ಮುಚ್ಚಳ ತೆಗೆದು ಮತ್ತೆ ತಿರುಚಿ. ಟಾಪಿಲ್ಲದ ಕಾರಿನ ಪಾಡೂ ಅದೇ. ಚಾವಣಿ ಹೊರಬೇಕಾದ ಭಾರವನ್ನೂ ನೆಲ ಮತ್ತು ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿಗಳು ಹೊರುತ್ತವೆ. ನೀರು ನಿಲ್ಲೋದೂ ಅಲ್ಲೇ. ಹೊಸ್ತಿಲು ತುಕ್ಕು ತಿಂದರೆ ಕಾರು ನಡುವಿನಲ್ಲಿ ಕುಸಿದು, ಬಾಗಿಲಿನ ಸಂದು ಮೇಲ್ಗಡೆ ಕಿರಿದಾಗುತ್ತೆ. ಹಾಗಾಗಿ ಜಾಣರು ಬಾಗಿಲು ತೆಗೆದು ಹಾಕಿ ನೋಡ್ತಾರೆ, ಸಂದು ಅಳೀತಾರೆ, ಉಕ್ಕಿನ ಬಾಡಿಗೆ ಅಯಸ್ಕಾಂತ ಹಿಡೀತಾರೆ. ಅಂಟದ ಕಡೆ ಬಣ್ಣದಡಿ ಪುಟ್ಟಿ ಮೆತ್ತಿದೆ ಅಂತ ಲೆಕ್ಕ. ಎಂಜಿನ್ ಮತ್ತೆ ಕಟ್ಟಬಹುದು. ಪಿನಿನ್ ಎಳೆದ ಗೆರೆ ಒಮ್ಮೆ ಪುಟ್ಟಿಯಡಿ ಕಳೆದುಹೋದರೆ ತರೋದು ಕಷ್ಟ. ದುಡ್ಡು ಕೊಡೋದು ಆ ಗೆರೆಗೇ.

2015ರ ಕೊನೆಯಲ್ಲಿ ನಮ್ಮ ಮಹೀಂದ್ರಾ ಸಮೂಹ ಪಿನಿನ್‌ಫರೀನಾವನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2019ರಲ್ಲಿ ಮಹೀಂದ್ರಾ ಒಡೆತನದ ಆಟೊಮೊಬಿಲಿ ಪಿನಿನ್‌ಫರೀನಾ ತೋರಿಸಿದ ವಿದ್ಯುತ್ ಕಾರಿನ ಹೆಸರೇ ಬಟಿಸ್ಟಾ. ಅದರ ಒಂದು ಟೈರಿಗೂ ನಮ್ಮ ಪಾಕೆಟ್ ಮನಿ ಸಾಲದು, ಬಿಡಿ. ಆದರೆ ಮುಂದಿನ ಸಲ ಶೀಟ್ ಮೆಟಲ್ ಲ್ಯಾಬಿನಲ್ಲಿ ತಗಡಿನ ಟ್ರೇ ಮಾಡೋವಾಗ, ಅಂಚು ಡೊಂಕಾದರೂ ಮಾರ್ಕ್ಸ್ ಬಂದರೆ ಸಾಕು ಅನ್ನೋ ಬದಲು ಇನ್ನೊಂದು ಸಲ ತಟ್ಟಿ ನೇರ ಮಾಡೋಣ. ಹನ್ನೆರಡರ ಪಿನಿನ್ ಶುರು ಮಾಡಿದ್ದೂ ಅಲ್ಲಿಂದಲೇ.