ಕಣ್ಣಾಲಿಯಲ್ಲಿ ಕಿವಿಯ ರೋಗ ಕಂಡ ಬಾರಾನಿ

ಮ್ಹಾಪಸಾದ ನೆಂಟರ ಮನೆಗೆ ಕೊಂಕಣ ರೈಲಿನಲ್ಲಿ ಹೋಗುವ ವಾಚಕರು, ಕಿಟಕಿಯಾಚೆ ನೋಡುತ್ತಿರುವ ಎದುರು ಸೀಟಿನವರ ಕಣ್ಣನ್ನೊಮ್ಮೆ ಗಮನಿಸಬೇಕು. ಓಡುವ ತೆಂಗಿನ ಮರದೊಡನೆ ಕಣ್ಣಾಲಿ ಮೆಲ್ಲನೆ ಸರಿದು, ಥಟ್ಟನೆ ಮರಳಿ ಜಿಗಿಯುತ್ತದೆ. ಅವರಿಗದರ ಅರಿವೇ ಇರುವುದಿಲ್ಲ. ಇದು ಆರೋಗ್ಯವಂತರ ಕಣ್ಣಿನ ಸಹಜ ಚಲನೆ. ಆದರೆ ಮನೆಯಲ್ಲಿ ಸುಮ್ಮನೆ ಕುಳಿತವರ ಕಣ್ಣು ಹೀಗೆ ಕುಣಿದು, ತಲೆಯೂ ತಿರುಗಿದರೆ? ಈ ಕುಣಿತದ ಗುಟ್ಟನ್ನು ಬಿಡಿಸಿದವರಲ್ಲಿ ಡಾ. ರಾಬರ್ಟ್ ಬಾರಾನಿ ಅಗ್ರಗಣ್ಯರು.

1876ರ ಎಪ್ರಿಲ್ 22ರಂದು ವಿಯೆನ್ನಾದಲ್ಲಿ ಜನಿಸಿದ ಬಾರಾನಿಯವರಿಗೆ ಬಾಲ್ಯದಲ್ಲೇ ಮೂಳೆಯ ಕ್ಷಯ ತಗಲಿ ಮೊಣಕಾಲು ಸೆಟೆದುಹೋಯಿತು. 1900ರಲ್ಲಿ ವೈದ್ಯರಾದರು, ಬಳಿಕ ಪೋಲಿಟ್ಜರರ ಕಿವಿ ಚಿಕಿತ್ಸಾಲಯವನ್ನು ಸೇರಿದರು. ಅಲ್ಲಿ ರೋಗಿಗಳ ಕಿವಿಯನ್ನು ನೀರಿನಿಂದ ತೊಳೆಯುವಾಗ ಅನೇಕರಿಗೆ ತಲೆಸುತ್ತು ಬರುತ್ತಿತ್ತು. ಅವರ ಕಣ್ಣಾಲಿಗಳೂ ಜಿಗಿಯುತ್ತಿದ್ದವು. ನೀರು ತೀರಾ ತಣ್ಣಗಿದೆಯೆಂದು ಒಬ್ಬ ರೋಗಿ ದೂರಿದ. ಮುಂದಿನ ಸಲ ನೀರನ್ನು ಹೆಚ್ಚು ಬಿಸಿ ಮಾಡಿದರೆ ಕಣ್ಣು ವಿರುದ್ಧ ದಿಕ್ಕಿಗೆ ಜಿಗಿಯಿತು! ಬಾರಾನಿಯವರಿಗೆ ಸ್ನಾನದ ಹಂಡೆ ನೆನಪಾಯಿತು: ಬಿಸಿಯಾದ ನೀರು ಮೇಲೇರುತ್ತದೆ, ತಣಿದದ್ದು ಕೆಳಗಿಳಿಯುತ್ತದೆ. ಒಳಕಿವಿಯ ಅರ್ಧವೃತ್ತ ನಾಳಗಳ ದ್ರವವೂ ಹಾಗೆಯೇ ಹರಿದು ಕಣ್ಣನ್ನು ಎಳೆಯುತ್ತದೆಂದು ಅವರು ತರ್ಕಿಸಿದರು. ನೀರು ಬಿಟ್ಟರೂ ಕಣ್ಣು ಅಲುಗದಿದ್ದರೆ ಆ ಬದಿಯ ಒಳಕಿವಿ ಕೆಲಸ ನಿಲ್ಲಿಸಿದೆಯೆಂದು ಶಂಕಿಸಬೇಕು. ಇಂದಿಗೂ ಈ ಪರೀಕ್ಷೆ ಬಳಕೆಯಲ್ಲಿದೆ. (ಮನೆಯಲ್ಲಿ ಯಾರೂ ಪ್ರಯೋಗಿಸತಕ್ಕದ್ದಲ್ಲ.)

ನಮ್ಮಲ್ಲಿ ತಲೆಸುತ್ತೆಂದರೆ ಪಿತ್ತವೆಂದು ಕಷಾಯ ಕುಡಿದು ಮಲಗುವವರೇ ಹೆಚ್ಚು. ಬಹುಪಾಲು ಅಪಾಯವಿಲ್ಲವೆಂಬುದು ನಿಜ. ಆದರೆ ಬಿಡದೆ ಕಾಡುವ ತಲೆಸುತ್ತಿನಲ್ಲಿ ಕಣ್ಣಾಲಿ ಮೇಲೆಕೆಳಗೆ ಜಿಗಿದರೆ, ಅಥವಾ ಎಡಕ್ಕೆ ನೋಡುವಾಗ ಎಡಕ್ಕೂ ಬಲಕ್ಕೆ ನೋಡುವಾಗ ಬಲಕ್ಕೂ ಜಿಗಿದರೆ, ವೈದ್ಯರು ಕಿವಿಯನ್ನು ಬಿಟ್ಟು ಮೆದುಳಿನ ಆಘಾತವನ್ನು ಶಂಕಿಸುತ್ತಾರೆ. ಮಾತು ತೊದಲಿದರೆ, ವಸ್ತು ಎರಡಾಗಿ ಕಂಡರೆ, ನಿಲ್ಲಲಾಗದಿದ್ದರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಮಹಾಯುದ್ಧ ಬಂದಾಗ ಬಾರಾನಿ ಕುಂಟುಗಾಲಿನಲ್ಲೇ ಸೇನಾವೈದ್ಯರಾಗಿ ಹೊರಟರು. 1915ರಲ್ಲಿ ರಷ್ಯನರ ಸೆರೆಯಾಗಿ ಮಧ್ಯ ಏಷ್ಯದ ಮೆರ್ವ್ ಶಿಬಿರ ಸೇರಿದರು. 1914ರ ನೊಬೆಲ್ ಪಾರಿತೋಷಕ ತಮಗೆ ಬಂದ ಸುದ್ದಿ ತಲುಪಿದ್ದು ಆ ಸೆರೆಯಲ್ಲೇ! ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್‌ಕ್ರಾಸ್ ಪರವಾಗಿ ಝಾರ್ ದೊರೆಯಲ್ಲಿ ಕೇಳಿಕೊಂಡದ್ದರಿಂದ 1916ರಲ್ಲಿ ಬಿಡುಗಡೆಯಾಯಿತು.

ತವರಿನಲ್ಲಿ ಕಾದಿದ್ದದ್ದು ಹಾರವಲ್ಲ, ಆರೋಪ. ಇತರರ ಶೋಧನೆಗಳಿಗೆ ಸಲ್ಲಬೇಕಾದ ಮನ್ನಣೆಯನ್ನು ಕೊಟ್ಟಿಲ್ಲವೆಂದು ಸಹೋದ್ಯೋಗಿಗಳೇ ದೂರಿದರು. ಮನನೊಂದು 1917ರಲ್ಲಿ ಸ್ವೀಡನ್ನಿನ ಉಪ್ಸಾಲಾಕ್ಕೆ ಹೋದರು. ಮಗ್ಗುಲು ಬದಲಿಸಿದಾಗ ಬರುವ ತಲೆಸುತ್ತನ್ನೂ ಜತೆಗಿನ ಕಣ್ಣಿನ ಜಿಗಿತವನ್ನೂ 1921ರಲ್ಲಿ ವಿವರಿಸಿದ್ದು ಅಲ್ಲಿಂದಲೇ. 1936ರ ಎಪ್ರಿಲ್ 8ರಂದು, ಅರುವತ್ತು ತುಂಬಲು ಎರಡು ವಾರವಿರುವಾಗ, ಅಲ್ಲಿಯೇ ತೀರಿಕೊಂಡರು.